ಪಾಟಲೀಪುತ್ರದಲ್ಲಿ ಅರವತ್ತರ ವಿದ್ಯಾರ್ಥಿ



ಇಂದಿನ ಬರಹವು ಒಂದು ಹಳೆಯ ಬಾಕಿಯನ್ನು ತೀರಿಸುವ ಪ್ರಯತ್ನ. 1988ರ ಮಾತು. ನಾನು ನೌಕರಿಗೆ ಸೇರಿ ನಾಲ್ಕೈದು ವರ್ಷಗಳಾಗಿದ್ದವು. ಎಂಟನೆಯ ತರಗತಿಯ ‘ಬಿ’ ವಿಭಾಗದಲ್ಲಿ ಗುಪ್ತರ ಕಾಲದ ಪಾಠ ನಡೆದಿತ್ತು. ಫಾಹಿಯಾನ್, ಚೀನೀ ಯಾತ್ರಿಕ, ಎರಡನೆಯ ಚಂದ್ರಗುಪ್ತನ ಕಾಲ ಎಂದು ಕಪ್ಪು ಹಲಗೆಯ ಮೇಲೆ ಬರೆದು, ಇದು ಒಂದು ಅಂಕದ ಪ್ರಶ್ನೆಗೆ ಖಂಡಿತ ಬರುತ್ತದೆ, ಬಾಯಿಪಾಠ ಮಾಡಿ ಎಂದು ಹೇಳಿ ಮುಂದಿನ ಶೀರ್ಷಿಕೆಗೆ ಹೋಗುವವನಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಸಾರ್, ಅವನು ಇಲ್ಲಿಗೆ ಬಂದು ಯಾವ ಭಾಷೇಲಿ ಮಾತಾಡ್ದ?”

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎಂದು ಒಪ್ಪಿಕೊಳ್ಳುವ ವಯಸ್ಸೂ ಅದಾಗಿರಲಿಲ್ಲ. “ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಕೂತ್ಕೊಳೋ” ಎಂದುಬಿಟ್ಟೆ. ತರಗತಿಯೇ ನಕ್ಕಿತು. ಹುಡುಗ ಕುಳಿತುಕೊಂಡ. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಆ ಹುಡುಗ ಊರಾಚೆಯ ತಾಂಡಾದಿಂದ ನಡೆದು ಬರುತ್ತಿದ್ದವನು. ಮನೆಯ ಮಾತು ಲಂಬಾಣಿ. ಒಂದನೆಯ ತರಗತಿಗೆ ಸೇರಿದಾಗ ಮೇಷ್ಟ್ರ ಮಾತು ಒಂದಕ್ಷರವೂ ತಿಳಿಯದೆ ಆರು ತಿಂಗಳು ಸುಮ್ಮನೆ ಕುಳಿತಿದ್ದನಂತೆ. ಇದನ್ನು ಅವನು ನನ್ನ ಬಳಿ ಹೇಳಲಿಲ್ಲ. ಎಷ್ಟೋ ಕಾಲದ ನಂತರ ಸಹೋದ್ಯೋಗಿಯೊಬ್ಬರ ಬಾಯಿಂದ ಕೇಳಿದೆ. ಆಗ ನನಗೆ ಆ ಪ್ರಶ್ನೆಯು ಎಲ್ಲಿಂದ ಹುಟ್ಟಿತ್ತೆಂಬುದು ಹೊಳೆದು, ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ನಿವೃತ್ತಿಯಾದ ಮೇಲೆ ಕೈಗೆ ಸಮಯ ಸಿಕ್ಕಿತು. ಜೇಮ್ಸ್ ಲೆಗ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ಫಾಹಿಯಾನನ ಪ್ರವಾಸಕಥನದ ಇಂಗ್ಲಿಷ್ ಅನುವಾದವನ್ನು, ಪಕ್ಕದಲ್ಲಿ ನಿಘಂಟಿಟ್ಟುಕೊಂಡು, ಆದಿಯಿಂದ ಅಂತ್ಯದವರೆಗೆ ಓದಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಆತನ ಹೆಸರನ್ನು ಹೇಳಿಕೊಟ್ಟವನು ಆತನ ಪುಸ್ತಕವನ್ನು ಮೊದಲ ಬಾರಿಗೆ ಓದಿದ್ದು ಅರವತ್ತು ದಾಟಿದ ಮೇಲೆ! ಹುಡುಗನ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಇತ್ತು. ಅದಕ್ಕಿಂತ ಮಿಗಿಲಾಗಿ, ನಾನು ಯಾತ್ರಿಕನೆಂದು ಪಾಠ ಮಾಡುತ್ತಿದ್ದ ಆ ಮನುಷ್ಯನು ವಿದೇಶಕ್ಕೆ ಓದಲು ಬಂದ ವಿದ್ಯಾರ್ಥಿಯೆಂಬುದು ಆಗ ತಿಳಿಯಿತು.

ಆತನ ಹೆಸರನ್ನು ಚೀನೀಯರು ಫಾ ಶಿಯೆನ್ ಎಂದು ಉಚ್ಚರಿಸುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಿಯಾಗಿರುವ ಫಾಹಿಯಾನ್ ಎಂಬುದನ್ನೇ ಇಲ್ಲಿಯೂ ಇಟ್ಟುಕೊಳ್ಳುತ್ತೇನೆ. ಈಗಿನ ಶಾನ್‌ಶಿ ಪ್ರಾಂತ್ಯದಲ್ಲಿ ಹುಟ್ಟಿದವನು. ಮೂವರು ಅಣ್ಣಂದಿರು ಎಳವೆಯಲ್ಲಿಯೇ ತೀರಿಕೊಂಡದ್ದರಿಂದ, ಈ ಮಗುವಾದರೂ ಉಳಿಯಲೆಂದು ತಂದೆಯು ಮೂರನೆಯ ವಯಸ್ಸಿನಲ್ಲಿಯೇ ಬೌದ್ಧ ಸಂಘಕ್ಕೆ ಒಪ್ಪಿಸಿದನಂತೆ. ಹರಕೆ ಹೊತ್ತು ಮಗುವನ್ನು ದೇವರಿಗೆ ಬಿಡುವ ಕಥೆಗಳು ನಮ್ಮ ಮನೆತನಗಳಲ್ಲಿಯೂ ಇಲ್ಲದಿಲ್ಲ. ಹತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡಾಗ, ತಾಯಿ ಒಬ್ಬಳೇ ಆದಳು, ಮನೆಗೆ ಬಾ ಎಂದು ಚಿಕ್ಕಪ್ಪನು ಒತ್ತಾಯಿಸಿದರೂ ಹುಡುಗನು ವಿಹಾರವನ್ನು ಬಿಡಲಿಲ್ಲ.

ಕ್ರಿ.ಶ. 399ರಲ್ಲಿ ಆತನು ಚಾಂಗಾನ್ ನಗರದಿಂದ, ಎಂದರೆ ಇಂದಿನ ಶಿಯಾನ್‌ನಿಂದ, ಭಾರತದ ಕಡೆಗೆ ಹೊರಟನು. ಆಗ ಆತನಿಗೆ ಅರವತ್ತು ದಾಟಿತ್ತೆಂದು ವಿದ್ವಾಂಸರ ಲೆಕ್ಕ. ನಮ್ಮ ಇಲಾಖೆಯಲ್ಲಿದ್ದಿದ್ದರೆ ಪಿಂಚಣಿ ಕಾಗದಗಳಿಗಾಗಿ ಕಛೇರಿಗೆ ಅಲೆಯುತ್ತಿರಬೇಕಾದ ವಯಸ್ಸು. ಇನ್ನೇನು, ಎಲ್ಲ ಓದಿಯಾಯಿತು, ಎಲ್ಲ ಕಲಿಸಿಯಾಯಿತು ಎಂದು ನಾನು ಕನ್ನಡಕವನ್ನು ಪೆಟ್ಟಿಗೆಗೆ ಹಾಕಿದ ವಯಸ್ಸಿನಲ್ಲಿ ಆತನು ಗೋಬಿಯ ಮರಳುಗಾಡಿನ ಅಂಚಿನಲ್ಲಿ ನಿಂತಿದ್ದನು.

ಹೊರಟದ್ದೇಕೆ? ಚೀನಾದಲ್ಲಿ ಆಗ ಬೌದ್ಧ ಸೂತ್ರಗಳ ಅನುವಾದಗಳು ಬೇಕಾದಷ್ಟಿದ್ದವು. ಆದರೆ ಭಿಕ್ಷುಗಳ ನಡೆನುಡಿಯ ಕಟ್ಟಳೆಗಳಾದ ವಿನಯಗ್ರಂಥಗಳು ಸರಿಯಾಗಿರಲಿಲ್ಲ. ದೀಕ್ಷೆಯನ್ನು ಹೇಗೆ ಕೊಡಬೇಕು, ಏನನ್ನು ಎಷ್ಟು ಹೊತ್ತಿಗೆ ಉಣ್ಣಬೇಕು, ತಪ್ಪು ಮಾಡಿದ ಭಿಕ್ಷುವು ಅದನ್ನು ಸಂಘದ ಮುಂದೆ ಹೇಗೆ ಒಪ್ಪಿಕೊಳ್ಳಬೇಕು, ವಿಹಾರದ ಸೊತ್ತು ಯಾರದು ಎಂಬ ನೂರಾರು ನಿಯಮಗಳು ಅರ್ಧಂಬರ್ಧವಾಗಿದ್ದವು. ಸಾವಿರಾರು ವಿದ್ಯಾರ್ಥಿಗಳಿರುವ ಶಾಲೆಗೆ ನಿಯಮಾವಳಿಯ ಪುಸ್ತಕದ ಹರಿದ ಹಾಳೆಗಳು ಮಾತ್ರ ಸಿಕ್ಕಿದ್ದರೆ ಮುಖ್ಯೋಪಾಧ್ಯಾಯರ ಪಾಡು ಏನಾದೀತು, ಊಹಿಸಿಕೊಳ್ಳಿ. ಆ ಪುಸ್ತಕದ ಪೂರ್ಣ ಪ್ರತಿಯನ್ನು ಮೂಲಸ್ಥಾನದಿಂದಲೇ ತರಬೇಕೆಂದು ಫಾಹಿಯಾನನು ಮನಸ್ಸು ಮಾಡಿದನು.

ಜೊತೆಗೆ ನಾಲ್ವರು ಭಿಕ್ಷುಗಳು ಹೊರಟರು. ದಾರಿಯಲ್ಲಿ ಇನ್ನೂ ಕೆಲವರು ಕೂಡಿಕೊಂಡರು. ಮರಳುಗಾಡನ್ನು ಹದಿನೇಳು ದಿನ ನಡೆದರು. ಮೇಲೆ ಹಕ್ಕಿಯಿಲ್ಲ, ಕೆಳಗೆ ಮೃಗವಿಲ್ಲ. ದಾರಿಯ ಗುರುತಿಗೆ ಮುಂಚೆ ಹೋಗಿ ಸತ್ತವರ ಮೂಳೆಗಳೇ ಇದ್ದವೆಂದು ಆತನು ಬರೆದಿದ್ದಾನೆ. ಮಧ್ಯ ಏಷ್ಯಾದ ಒಂದು ರಾಜ್ಯದಲ್ಲಿ ಜನರು ಸರಿಯಾಗಿ ಆದರಿಸಲಿಲ್ಲ. ಪ್ರಯಾಣದ ಖರ್ಚನ್ನು ಹೊಂದಿಸಿಕೊಳ್ಳಲು ಮೂವರು ಬೇರೊಂದು ಊರಿನತ್ತ ಹಿಂದಿರುಗಿದರು. ಉಳಿದವರು ನಡೆದರು. ಸಿಂಧೂ ನದಿಯ ಕಣಿವೆಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಏಳುನೂರು ಮೆಟ್ಟಿಲುಗಳನ್ನು ಇಳಿದು, ಹಗ್ಗದ ತೂಗುಸೇತುವೆಯ ಮೇಲೆ ಹೊಳೆಯನ್ನು ದಾಟಿದರು. ಈಗಿನ ಪೇಷಾವರದ ಬಳಿ ಒಬ್ಬ ಗೆಳೆಯನು ತೀರಿಕೊಂಡನು. ಕೆಲವರು, ನೋಡಿದ್ದು ಸಾಕೆಂದು, ಅಲ್ಲಿಂದಲೇ ತಾಯ್ನಾಡಿಗೆ ಮರಳಿದರು. ಹಿಮದ ಬೆಟ್ಟವನ್ನು ದಾಟುವಾಗ ಹುಯಿಜಿಂಗ್ ಎಂಬ ಗೆಳೆಯನ ಬಾಯಲ್ಲಿ ಬಿಳಿಯ ನೊರೆ ಬಂದಿತು. ನಾನು ಉಳಿಯುವುದಿಲ್ಲ, ನೀವು ಹೊರಡಿ, ಎಲ್ಲರೂ ಇಲ್ಲಿಯೇ ಸಾಯುವುದು ಬೇಡ ಎಂದು ಹೇಳಿ ಅವನು ಪ್ರಾಣ ಬಿಟ್ಟನು. ಫಾಹಿಯಾನನು ಆ ದೇಹವನ್ನು ನೇವರಿಸುತ್ತ ಗಟ್ಟಿಯಾಗಿ ಅತ್ತನು.

ಕೊನೆಗೆ ಗಂಗೆಯ ಬಯಲಿಗೆ ಬಂದು ಮುಟ್ಟಿದವರು ಇಬ್ಬರೇ, ಫಾಹಿಯಾನ್ ಮತ್ತು ದಾವೋಚೆಂಗ್. ಈ ಎರಡನೆಯ ಹೆಸರನ್ನು ನಾನು ಒಂದು ತರಗತಿಯಲ್ಲಿಯೂ ಹೇಳಿದವನಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಅದು ಇರಲಿಲ್ಲ.

ಮಥುರೆಯ ಆಚೆಗಿನ ಮಧ್ಯದೇಶವನ್ನು ಫಾಹಿಯಾನನು ವರ್ಣಿಸಿರುವುದು ನಿಮಗೆಲ್ಲ ನೆನಪಿರಬೇಕು. ಮನೆಗಣತಿಯ ಕಾಟವಿಲ್ಲ, ರಾಜನ ಭೂಮಿಯನ್ನು ಉಳುವವರು ಮಾತ್ರ ಫಸಲಿನಲ್ಲಿ ಪಾಲು ಕೊಡಬೇಕು, ಅಪರಾಧಕ್ಕೆ ಹೆಚ್ಚಾಗಿ ದಂಡ, ಮರಣದಂಡನೆಯಿಲ್ಲ, ಸಂತೆಯಲ್ಲಿ ಕವಡೆಗಳ ಚಲಾವಣೆ. ಇದಿಷ್ಟನ್ನೂ ‘ಸುವರ್ಣಯುಗ’ ಎಂಬ ತಲೆಬರಹದ ಕೆಳಗೆ ನಿಮಗೆ ಬರೆಸಿದ್ದೇನೆ. ಅದೇ ಪುಟದಲ್ಲಿ ಇನ್ನೊಂದು ಮಾತೂ ಇದೆ. ಚಂಡಾಲರು ಊರ ಹೊರಗೆ ಬೇರೆಯಾಗಿ ಬಾಳಬೇಕು, ಊರೊಳಗೆ ಅಥವಾ ಸಂತೆಗೆ ಬರುವಾಗ ಮರದ ತುಂಡನ್ನು ಬಡಿದು ಸದ್ದು ಮಾಡುತ್ತ ಬರಬೇಕು, ಜನರು ಅದನ್ನು ಕೇಳಿ ಸರಿದು ನಿಲ್ಲುವರು ಎಂದು. ಪರದೇಶದ ವಿದ್ಯಾರ್ಥಿಯು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟನು. ಅವಸರದಲ್ಲಿ ಪಾಠ ಮುಗಿಸುವ ನಾನು ಆ ಸಾಲನ್ನು ದಾಟಿಕೊಂಡು ಹೋಗುತ್ತಿದ್ದೆ. ತರಗತಿಯಲ್ಲಿ ಯಾವ ಯಾವ ಕೇರಿಯ ಮಕ್ಕಳು ಕುಳಿತಿದ್ದರೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ಇಬ್ಬರು ಬುದ್ಧನ ಕ್ಷೇತ್ರಗಳನ್ನೆಲ್ಲ ಸುತ್ತಿ, ವಾರಾಣಸಿಯವರೆಗೂ ಹೋಗಿ, ಕ್ರಿ.ಶ. 405ರ ಸುಮಾರಿಗೆ ಪಾಟಲೀಪುತ್ರದಲ್ಲಿ ನೆಲೆಸಿದರು. ಇಂದಿನ ಪಟನಾ ನಗರವೇ ಅದು. ಚೀನೀ ಲಿಪಿಯಲ್ಲಿ ಈ ಹೆಸರನ್ನು ಬರೆಯಲು ಹೋದಾಗ ಅದು ಬಾಲಿಯೆನ್‌ಫು ಆಯಿತು. ಅಶೋಕನು ಆಯೂ ಆದನು. ಮಧ್ಯದೇಶದಲ್ಲಿ ಇದಕ್ಕಿಂತ ದೊಡ್ಡ ನಗರವಿಲ್ಲ, ಜನರು ಸಿರಿವಂತರು, ದಾನಧರ್ಮಗಳಲ್ಲಿ ಒಬ್ಬರನ್ನೊಬ್ಬರು ಮೀರಿಸಲು ನೋಡುತ್ತಾರೆ ಎಂಬುದು ಆತನ ಅಭಿಪ್ರಾಯ. ಆಗ ಆಳುತ್ತಿದ್ದವನು ಎರಡನೆಯ ಚಂದ್ರಗುಪ್ತ. ತಮಾಷೆಯೆಂದರೆ ಫಾಹಿಯಾನನು ಆ ರಾಜನ ಹೆಸರನ್ನೇ ಎಲ್ಲಿಯೂ ಬರೆದಿಲ್ಲ! ಆ ಒಂದು ಅಂಕದ ಪ್ರಶ್ನೆಗೆ ಫಾಹಿಯಾನನೇ ಬಂದು ಪರೀಕ್ಷೆಗೆ ಕುಳಿತಿದ್ದರೂ ಬಹುಶಃ ಸೊನ್ನೆ ಬರುತ್ತಿತ್ತು.

ರಾಜನನ್ನು ಬಿಟ್ಟು ಆತನು ಬೇರೆ ಬಹಳಷ್ಟನ್ನು ನೋಡಿದನು. ನಗರದ ನಡುವೆ ಅಶೋಕನ ಅರಮನೆಯಿತ್ತು. ಆ ಹೊತ್ತಿಗೆ ಅಶೋಕನು ಕಾಲವಾಗಿ ಆರುನೂರು ವರ್ಷಗಳ ಮೇಲಾಗಿತ್ತು. ಆ ಕಲ್ಲಿನ ಗೋಡೆಗಳನ್ನೂ ಕೆತ್ತನೆಗಳನ್ನೂ ಮನುಷ್ಯರು ಮಾಡಿದ್ದಲ್ಲ, ಅಶೋಕನ ಅಪ್ಪಣೆಯಂತೆ ಭೂತಗಳು ಕಟ್ಟಿದವು ಎಂದು ಊರವರು ಹೇಳಿದರು. ಆತನೂ ಅದನ್ನೇ ಬರೆದುಕೊಂಡನು. ನಮ್ಮ ಕಡೆಯಲ್ಲಿಯೂ ಹಳೆಯ ಕಲ್ಲುಗುಡಿ ಕಂಡರೆ ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದ್ದು ಎನ್ನುವುದಿಲ್ಲವೇ? ನಗರದ ದಕ್ಷಿಣಕ್ಕೆ ಅಶೋಕನ ಕಂಬವೊಂದಿತ್ತು. ಅಶೋಕನು ಜಂಬೂದ್ವೀಪವನ್ನೇ ಭಿಕ್ಷುಸಂಘಕ್ಕೆ ದಾನ ಮಾಡಿ, ಹಣ ಕೊಟ್ಟು ಮತ್ತೆ ಬಿಡಿಸಿಕೊಂಡನು, ಹೀಗೆ ಮೂರು ಬಾರಿ ಮಾಡಿದನು ಎಂದು ಅದರಲ್ಲಿ ಬರೆದಿದೆಯೆಂದು ಆತನ ಕಥನ ಹೇಳುತ್ತದೆ. ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಶಾಸನಗಳೂ ಸೇರಿದಂತೆ ಇಂದು ದೊರೆತಿರುವ ಅಶೋಕನ ಶಾಸನಗಳಲ್ಲಿ ಇಂಥ ಮಾತಿಲ್ಲ. ಫಾಹಿಯಾನನ ಕಾಲಕ್ಕೆ ಅಶೋಕನ ಲಿಪಿಯು ಹಳತಾಗಿತ್ತು. ಅದನ್ನು ಮರಳಿ ಓದಿ ಬಿಡಿಸಿದ್ದು 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್. ಪರದೇಶದ ವಿದ್ಯಾರ್ಥಿಗೆ ಯಾರೋ ಗೈಡು ತನಗೆ ತಿಳಿದ ಕಥೆಯನ್ನೇ ಶಾಸನವೆಂದು ಓದಿ ಹೇಳಿರಬಹುದೆಂದು ನನ್ನ ಅನುಮಾನ. ಶೈಕ್ಷಣಿಕ ಪ್ರವಾಸಗಳಲ್ಲಿ ನಿಮ್ಮನ್ನು ಕರೆದೊಯ್ದಾಗ ಇಂಥ ಗೈಡುಗಳನ್ನು ನಾವೂ ಕಂಡಿದ್ದೇವೆ.

ಆತನಿಗೆ ಬಹಳ ಹಿಡಿಸಿದ್ದು ತೇರು. ವರ್ಷಕ್ಕೊಮ್ಮೆ, ಎರಡನೆಯ ತಿಂಗಳ ಎಂಟನೆಯ ದಿನ, ನಾಲ್ಕು ಚಕ್ರದ ಬಂಡಿಯ ಮೇಲೆ ಬಿದಿರು ಕಟ್ಟಿ ಐದು ಅಂತಸ್ತಿನ ರಥವನ್ನು ಮಾಡುತ್ತಿದ್ದರು. ಎತ್ತರ ಸುಮಾರು ಇಪ್ಪತ್ತು ಚೀನೀ ಅಡಿ. ಬಿಳಿಯ ಬಟ್ಟೆಯನ್ನು ಸುತ್ತಿ, ಅದರ ಮೇಲೆ ಬಣ್ಣಗಳಿಂದ ದೇವತೆಗಳ ಚಿತ್ರ ಬರೆದು, ನಾಲ್ಕೂ ಕಡೆ ಗೂಡುಗಳಲ್ಲಿ ಬುದ್ಧನ ಮೂರ್ತಿಗಳನ್ನು ಕೂರಿಸುವರು. ಅಂಥ ಇಪ್ಪತ್ತು ರಥಗಳು, ಒಂದರಂತೆ ಒಂದಿಲ್ಲ. ಬ್ರಾಹ್ಮಣರು ಬಂದು ಬುದ್ಧನನ್ನು ನಗರಕ್ಕೆ ಆಹ್ವಾನಿಸುತ್ತಾರೆ. ರಾತ್ರಿಯಿಡೀ ದೀಪ, ವಾದ್ಯ. ನಮ್ಮೂರಿನ ರಥೋತ್ಸವದ ದಿನ ಬಿದಿರುಗಳವನ್ನು ಕಟ್ಟುವವರನ್ನು ಬೆಳಗಿನಿಂದ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ನನ್ನ ಬಾಲ್ಯವು ಈ ಪುಟವನ್ನು ಓದುವಾಗ ಕಣ್ಮುಂದೆ ಬಂದಿತು. ಎರಡು ಅಂಗೈಯಗಲದ ಈ ವರ್ಣನೆಯಲ್ಲಿ ಆ ಮುದುಕನೂ ಒಬ್ಬ ಹುಡುಗನಾಗಿಬಿಟ್ಟಿದ್ದಾನೆ.

ಮತ್ತೊಂದು ಸಂಗತಿಯನ್ನು ಆತನು ಬಹು ಎಚ್ಚರಿಕೆಯಿಂದ ಬರೆದಿದ್ದಾನೆ. ವೈಶ್ಯ ಮನೆತನಗಳ ಹಿರಿಯರು ನಗರದಲ್ಲಿ ಧರ್ಮಶಾಲೆಗಳನ್ನೂ ಔಷಧಶಾಲೆಗಳನ್ನೂ ನಡೆಸುತ್ತಿದ್ದರು. ಬಡವರು, ಅನಾಥರು, ಮಕ್ಕಳಿಲ್ಲದವರು, ಅಂಗವಿಕಲರು, ರೋಗಿಗಳು ಅಲ್ಲಿಗೆ ಹೋದರೆ ವೈದ್ಯರು ಪರೀಕ್ಷಿಸಿ ಅವರಿಗೆ ತಕ್ಕ ಅನ್ನವನ್ನೂ ಔಷಧವನ್ನೂ ಕೊಡುವರು. ಗುಣವಾದ ಮೇಲೆ ಅವರು ತಾವಾಗಿಯೇ ಹೊರಡುವರು. ಇದನ್ನು ಯಾತ್ರಿಕನ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. 1951ರಿಂದ 1955ರವರೆಗೆ ಪಟನಾದ ಕುಮ್ರಾಹಾರದಲ್ಲಿ ನಡೆದ ಉತ್ಖನನದಲ್ಲಿ ಗುಪ್ತರ ಕಾಲದ ಮಣ್ಣಿನ ಮುದ್ರೆಯೊಂದು ದೊರೆಯಿತು. ಅದರ ಮೇಲೆ ಆರೋಗ್ಯವಿಹಾರದ ಭಿಕ್ಷುಸಂಘದ ಹೆಸರಿದೆ.

ಇನ್ನು ಓದಿನ ಮಾತು. ಅಶೋಕನ ಸ್ತೂಪದ ಪಕ್ಕದಲ್ಲಿ ಒಂದು ಮಹಾಯಾನ ವಿಹಾರ, ಒಂದು ಹೀನಯಾನ ವಿಹಾರ, ಎರಡರಲ್ಲಿಯೂ ಕೂಡಿ ಆರೇಳು ನೂರು ಭಿಕ್ಷುಗಳು. ಕಲಿಯಬೇಕೆನ್ನುವವರು ಎಲ್ಲ ದಿಕ್ಕುಗಳಿಂದಲೂ ಅಲ್ಲಿಗೆ ಬರುತ್ತಿದ್ದರು. ನಗರದಲ್ಲಿ ಐವತ್ತು ದಾಟಿದ ಒಬ್ಬ ಬ್ರಾಹ್ಮಣ ಪಂಡಿತನಿದ್ದನು. ಮಹಾಯಾನದಲ್ಲಿ ಪಾರಂಗತ. ರಾಜನೇ ಅವನನ್ನು ಗುರುವೆಂದು ನಮಿಸುತ್ತಿದ್ದನು. ಗೌರವದಿಂದ ರಾಜನು ಕೈ ಹಿಡಿದುಕೊಂಡರೆ, ರಾಜನು ಬಿಟ್ಟ ಕೂಡಲೇ ಈತನು ಕೈ ತೊಳೆದುಕೊಳ್ಳುತ್ತಿದ್ದನಂತೆ! ವಿಹಾರದಲ್ಲಿ ಮಂಜುಶ್ರೀ ಎಂಬ ಹೆಸರಿನ ಮತ್ತೊಬ್ಬ ಆಚಾರ್ಯನೂ ಇದ್ದನು. ಆದರೆ ಫಾಹಿಯಾನನಿಗೆ ಸಂಸ್ಕೃತವನ್ನು ಕಲಿಸಿದವರ ಹೆಸರು ಪುಸ್ತಕದಲ್ಲಿಲ್ಲ. ಅಕ್ಷರ ತಿದ್ದಿಸುವ ಮೇಷ್ಟ್ರ ಪಾಡು ಆಗಲೂ ಹೀಗೆಯೇ ಇದ್ದಿರಬೇಕು, ಬಿಡಿ.

ಉತ್ತರ ಭಾರತದ ರಾಜ್ಯಗಳಲ್ಲೆಲ್ಲ ವಿನಯವನ್ನು ಗುರುವು ಶಿಷ್ಯನಿಗೆ ಬಾಯಿಂದಲೇ ಹೇಳಿಕೊಡುತ್ತಿದ್ದರು. ಬರೆದ ಪ್ರತಿ ಎಲ್ಲಿಯೂ ಇರಲಿಲ್ಲ. ಅಷ್ಟು ದೂರ ನಡೆದು ಬಂದವನಿಗೆ ಕೈಗೆತ್ತಿಕೊಳ್ಳಲು ಒಂದು ಪುಸ್ತಕವೂ ಇಲ್ಲ. ಅದಕ್ಕಾಗಿಯೇ ಆತನು ಮಧ್ಯದೇಶದವರೆಗೆ ಬರಬೇಕಾಯಿತು. ಪಾಟಲೀಪುತ್ರದ ಮಹಾಯಾನ ವಿಹಾರದಲ್ಲಿ ಆತನಿಗೆ ಮಹಾಸಾಂಘಿಕರ ವಿನಯಗ್ರಂಥದ ಬರೆದ ಪ್ರತಿ ಸಿಕ್ಕಿತು. ಅದರೊಡನೆ ಸರ್ವಾಸ್ತಿವಾದಿಗಳ ವಿನಯದ ಆರೇಳು ಸಾವಿರ ಗಾಥೆಗಳು, ಅಭಿಧರ್ಮದ ಗ್ರಂಥಗಳು, ಪರಿನಿರ್ವಾಣ ಸೂತ್ರದ ಐದು ಸಾವಿರ ಗಾಥೆಗಳು. ಗ್ರಂಥಗಳನ್ನು ಅಳೆಯುವಾಗ ಒಂದು ಗಾಥೆಗೆ ಮೂವತ್ತೆರಡು ಅಕ್ಷರಗಳೆಂದು ಲೆಕ್ಕ. ಆರು ಸಾವಿರ ಗಾಥೆಯೆಂದರೆ 1,92,000 ಅಕ್ಷರಗಳು. ಒಂದು ಗ್ರಂಥಕ್ಕೇ ಇಷ್ಟಾದರೆ ಒಟ್ಟು ಎಷ್ಟಾಯಿತೆಂದು ನೀವೇ ಕೂಡಿ ನೋಡಿ.

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ. ಫಾಹಿಯಾನನು ಪಾಟಲೀಪುತ್ರದಲ್ಲಿ ಮೂರು ವರ್ಷ ನಿಂತು ಸಂಸ್ಕೃತದ ಬರಹವನ್ನೂ ಮಾತನ್ನೂ ಕಲಿತನು, ವಿನಯವನ್ನು ಪ್ರತಿ ಮಾಡಿಕೊಂಡನು. ಮೂರು ವರ್ಷಗಳ ಈ ವಿದ್ಯಾಭ್ಯಾಸಕ್ಕೆ ಆತನ ಪುಸ್ತಕದಲ್ಲಿ ಮೀಸಲಾಗಿರುವುದು ಒಂದೇ ಒಂದು ವಾಕ್ಯ. ತೇರಿಗೆ ಒಂದು ಪುಟ, ಓದಿಗೆ ಒಂದು ಸಾಲು!

ಆ ಒಂದು ಸಾಲಿನ ಹಿಂದೆ ಎಷ್ಟು ಕಷ್ಟವಿದ್ದಿರಬೇಕೆಂಬುದನ್ನು ಭಾಷೆ ಕಲಿಸಿದವರು ಊಹಿಸಬಲ್ಲರು. ಚೀನೀ ಭಾಷೆಯಲ್ಲಿ ಪದವು ರೂಪ ಬದಲಾಯಿಸುವುದಿಲ್ಲ. ವಿಭಕ್ತಿ ಪ್ರತ್ಯಯವಿಲ್ಲ, ಲಿಂಗವಿಲ್ಲ, ಕ್ರಿಯಾಪದಕ್ಕೆ ಕಾಲದ ರೂಪವಿಲ್ಲ. ಒಂದೊಂದು ಪದಕ್ಕೂ ಒಂದೊಂದು ಚಿಹ್ನೆ. ಸಂಸ್ಕೃತದಲ್ಲಿಯೋ ಎಂಟು ವಿಭಕ್ತಿ, ಮೂರು ವಚನ, ಮೂರು ಲಿಂಗ, ಮೇಲೆ ಸಂಧಿ. ರಾಮಃ ರಾಮೌ ರಾಮಾಃ ಎಂಬ ಮೊದಲ ಸಾಲಿನಲ್ಲಿಯೇ ನಮ್ಮ ಮಕ್ಕಳು ಬೆವರುತ್ತಿದ್ದುದನ್ನು ನಾನು ಪಕ್ಕದ ಕೊಠಡಿಯಿಂದ ಕೇಳಿಬಲ್ಲೆ. ಎಡದಿಂದ ಬಲಕ್ಕೆ ಓಡುವ ಅಕ್ಷರಮಾಲೆಯೇ, ಮೇಲಿನಿಂದ ಕೆಳಕ್ಕೆ ಚಿಹ್ನೆಗಳನ್ನು ಬರೆದು ರೂಢಿಯಾದ ಕೈಗೆ ಹೊಸತು. ಆತನಿಗೆ ಬಂದ ದಿನವೇ ಮಾತೇನೂ ಬಾರದಿರಲಿಲ್ಲ. ಮಧ್ಯ ಏಷ್ಯಾದ ವಿಹಾರಗಳಲ್ಲಿ ಭಿಕ್ಷುಗಳು ಭಾರತದ ಭಾಷೆಯನ್ನು ಅಭ್ಯಾಸ ಮಾಡುತ್ತಿದ್ದರು. ಜೇತವನದ ಭಿಕ್ಷುಗಳು ಯಾವ ದೇಶದವರೆಂದು ಕೇಳಿದಾಗ ಈ ಇಬ್ಬರೂ ಉತ್ತರ ಕೊಟ್ಟಿದ್ದಾರೆ. ಆದರೆ ದಾರಿ ಕೇಳುವ ಮಾತು ಬೇರೆ, ಸಂಘದ ಕಟ್ಟಳೆಯನ್ನು ಒಂದಕ್ಷರ ತಪ್ಪದೆ ನಕಲು ಮಾಡುವ ವಿದ್ಯೆ ಬೇರೆ. ಒಂದು ‘ನ’ಕಾರ ಬಿಟ್ಟುಹೋದರೆ ನಿಷೇಧವು ಅನುಮತಿಯಾಗುತ್ತದೆ. ಅರವತ್ತೆಂಟರ ಆಸುಪಾಸಿನ ಕಣ್ಣುಗಳಿಂದ, ಎಣ್ಣೆಯ ದೀಪದಲ್ಲಿ, ಕನ್ನಡಕವೆಂಬುದು ಹುಟ್ಟುವ ಮೊದಲು.

(ಆತನು ನಮ್ಮ ಕಡೆಗೆ ಬಂದಿದ್ದನೇ ಎಂದು ಕೆಲವರು ಕೇಳುತ್ತಿದ್ದಿರಿ. ಬಂದಿರಲಿಲ್ಲ. ‘ದಕ್ಷಿಣ’ವೆಂಬ ದೇಶದಲ್ಲಿ ಬಂಡೆಯನ್ನು ಕೊರೆದ ಐದು ಅಂತಸ್ತಿನ ವಿಹಾರವಿದೆ, ದಾರಿ ದುರ್ಗಮ, ಅಲ್ಲಿನ ರಾಜನಿಗೆ ಹಣ ಕೊಟ್ಟರೆ ಬೆಂಗಾವಲು ಸಿಗುತ್ತದೆ ಎಂದು ಜನ ಹೇಳಿದ್ದನ್ನು ಬರೆದು, ತಾನು ಹೋಗಲಾಗಲಿಲ್ಲವೆಂದು ಒಪ್ಪಿಕೊಂಡಿದ್ದಾನೆ.)

ಪ್ರತಿ ಮಾಡುವ ಕೆಲಸ ಮುಗಿಯಿತು. ಹೊರಡುವ ಕಾಲ ಬಂದಿತು. ದಾವೋಚೆಂಗ್ ಹೊರಡಲಿಲ್ಲ.

ಮಧ್ಯದೇಶದ ಭಿಕ್ಷುಗಳ ಶಿಸ್ತನ್ನೂ, ಎಲ್ಲ ಸಂದರ್ಭಗಳಲ್ಲಿಯೂ ಅವರ ಗಂಭೀರವಾದ ನಡೆಯನ್ನೂ ಕಂಡು, ತನ್ನ ದೇಶದ ಸಂಘದ ಹರಕುಮುರುಕು ಸ್ಥಿತಿಯನ್ನು ನೆನೆದು ಅವನು ನಿಟ್ಟುಸಿರುಬಿಟ್ಟನು. ಇನ್ನು ಮುಂದೆ ಬುದ್ಧತ್ವವನ್ನು ಪಡೆಯುವವರೆಗೂ ಗಡಿಯ ದೇಶದಲ್ಲಿ ನನಗೆ ಜನ್ಮ ಬಾರದಿರಲಿ ಎಂದು ಸಂಕಲ್ಪ ಮಾಡಿದನು. ಗಡಿಯ ದೇಶವೆಂದರೆ ಚೀನಾ! ತಮ್ಮ ನಾಡನ್ನೇ ಜಗತ್ತಿನ ನಡುವೆಂದು ತಿಳಿದಿದ್ದವರ ಬಾಯಲ್ಲಿ ಇಂಥ ಮಾತು ಬಂದಿತೆಂದರೆ ಆ ನಗರವು ಅವನನ್ನು ಎಷ್ಟು ಆವರಿಸಿರಬೇಕು. ವಿನಯವನ್ನು ಹಾನ್ ನಾಡಿಗೆ ತಲುಪಿಸುವುದೇ ಉದ್ದೇಶವಾಗಿದ್ದ ಫಾಹಿಯಾನನು ಒಬ್ಬನೇ ಹೊರಟನು. ಗೆಳೆಯನ ಬಗ್ಗೆ ಒಂದು ಕಹಿ ಮಾತನ್ನೂ ಆತನು ಬರೆದಿಲ್ಲ.

ಇಲ್ಲಿ ಪುಸ್ತಕವನ್ನು ಮುಚ್ಚಿಟ್ಟು ನಾನು ಬಹಳ ಹೊತ್ತು ಕುಳಿತಿದ್ದೆ. ಓದಲು ಹೊರದೇಶಕ್ಕೆ ಹೋಗಿ ಅಲ್ಲಿಯೇ ನೆಲೆಸಿದ ಶಿಷ್ಯರು ನನಗಿದ್ದಾರೆ, ನಮ್ಮ ಕುಟುಂಬದಲ್ಲಿಯೂ ಇದ್ದಾರೆ. ಬೀಳ್ಕೊಡುಗೆಯ ಭಾಷಣಗಳಲ್ಲಿ, ಮದುವೆಮನೆಯ ಜಗುಲಿಯ ಮೇಲೆ, ಅಂಥವರ ಬಗ್ಗೆ ನಾನು ಹಗುರವಾಗಿ ಆಡಿದ ಮಾತುಗಳುಂಟು. ಅನ್ನ ಹಾಕಿದ ನೆಲವನ್ನು ಮರೆತರೆಂದು ಹೇಳಿದ್ದೂ ಉಂಟು. ಒಬ್ಬ ಶಿಷ್ಯೆಯ ತಾಯಿಯ ಎದುರಿಗೇ ಹಾಗೆಂದು, ಆ ತಾಯಿ ಎದ್ದು ಒಳಗೆ ಹೋದದ್ದು ನೆನಪಿದೆ. ಮಗಳನ್ನು ಓದಿಸಲು ಆಕೆ ಏನೇನನ್ನು ಮಾರಿದ್ದರೆಂಬುದು ಊರಿಗೇ ಗೊತ್ತಿತ್ತು. ಐದಾರು ವರ್ಷ ಸಾವಿನ ಬಾಯಲ್ಲಿ ಜೊತೆಗೆ ನಡೆದ ಗೆಳೆಯನು ನಿಂತುಬಿಟ್ಟಾಗ ಫಾಹಿಯಾನನು ಆಡದಿದ್ದ ಮಾತನ್ನು ಏನೂ ನಡೆಯದ ನಾನು ಆಡಿದ್ದೆ.

ಆತನು ಗಂಗೆಯ ಗುಂಟ ಇಳಿದು ತಾಮ್ರಲಿಪ್ತಿಯ ಬಂದರಿನಲ್ಲಿ ಎರಡು ವರ್ಷ ಸೂತ್ರಗಳನ್ನು ಬರೆದುಕೊಳ್ಳುತ್ತ, ಮೂರ್ತಿಗಳ ಚಿತ್ರ ಬಿಡಿಸುತ್ತ ಕಳೆದನು. ಅಲ್ಲಿಂದ ಹಡಗಿನಲ್ಲಿ ಸಿಂಹಳಕ್ಕೆ ಹದಿನಾಲ್ಕು ದಿನ. ಅನುರಾಧಪುರದ ಅಭಯಗಿರಿ ವಿಹಾರದಲ್ಲಿ ಹಸಿರುಕಲ್ಲಿನ ಬುದ್ಧನ ಮುಂದೆ ನಿಂತಿದ್ದಾಗ, ವರ್ತಕನೊಬ್ಬನು ಕಾಣಿಕೆಯಾಗಿ ಇಟ್ಟಿದ್ದ ಬಿಳಿಯ ರೇಷ್ಮೆಯ ಬೀಸಣಿಗೆ ಆತನ ಕಣ್ಣಿಗೆ ಬಿದ್ದಿತು. ಅದು ಚೀನಾದ್ದು. ಜೊತೆಗೆ ಬಂದವರಲ್ಲಿ ಕೆಲವರು ಸತ್ತರು, ಕೆಲವರು ಬಿಟ್ಟರು, ಕಣ್ಣಿಗೆ ಬೀಳುವ ಮುಖ, ಮರ, ಹುಲ್ಲು ಒಂದೂ ತನ್ನ ನಾಡಿನದಲ್ಲ. ಬೀಸಣಿಗೆಯನ್ನು ನೋಡಿ ಆ ಎಪ್ಪತ್ತರ ಮುದುಕನು ಅತ್ತುಬಿಟ್ಟನು.

ಅಲ್ಲಿ ಎರಡು ವರ್ಷವಿದ್ದು, ಚೀನಾದಲ್ಲಿ ಇಲ್ಲದ ಇನ್ನೂ ಕೆಲವು ಗ್ರಂಥಗಳನ್ನು ಪಡೆದು, ಇನ್ನೂರಕ್ಕೂ ಹೆಚ್ಚು ಜನರಿದ್ದ ವ್ಯಾಪಾರಿ ಹಡಗನ್ನೇರಿದನು. ಬಿರುಗಾಳಿಯಲ್ಲಿ ಹಡಗು ಸೀಳಿ ನೀರು ನುಗ್ಗಿತು. ವರ್ತಕರು ಸರಕನ್ನು ಸಮುದ್ರಕ್ಕೆ ಎಸೆಯತೊಡಗಿದರು. ಫಾಹಿಯಾನನು ತನ್ನ ಹೂಜಿಯನ್ನೂ ಕೈತೊಳೆಯುವ ಬೋಗುಣಿಯನ್ನೂ ತಾನೇ ಎಸೆದನು. ಪುಸ್ತಕದ ಕಟ್ಟುಗಳನ್ನು ಎಲ್ಲಿ ಎಸೆದಾರೋ ಎಂದು ಹೆದರಿ ಅವಲೋಕಿತೇಶ್ವರನನ್ನು ಧ್ಯಾನಿಸುತ್ತ ಕುಳಿತನು. ಜಾವಾ ಕಡೆಯಲ್ಲಿ ಐದು ತಿಂಗಳು ಕಾದು ಬೇರೊಂದು ಹಡಗನ್ನು ಹಿಡಿದಾಗ ಮತ್ತೆ ಬಿರುಗಾಳಿ. ಈ ಶ್ರಮಣನಿಂದಲೇ ಕೇಡು ಬಂದಿತು, ಯಾವುದಾದರೂ ದ್ವೀಪದಲ್ಲಿ ಇಳಿಸಿಬಿಡೋಣವೆಂದು ಹಡಗಿನಲ್ಲಿದ್ದ ಬ್ರಾಹ್ಮಣರು ಮಾತನಾಡಿಕೊಂಡರು. ಆತನಿಗೆ ಆಶ್ರಯ ಕೊಟ್ಟಿದ್ದ ಒಬ್ಬ ವರ್ತಕನು, ಈತನನ್ನು ಇಳಿಸುವುದಾದರೆ ನನ್ನನ್ನೂ ಇಳಿಸಿ, ಇಲ್ಲವೇ ಕೊಂದುಬಿಡಿ, ಉಳಿದರೆ ಚೀನಾದ ದೊರೆಗೆ ದೂರು ಕೊಡುವೆನು ಎಂದು ಅಡ್ಡ ನಿಂತನು. ಐವತ್ತು ದಿನಗಳ ಆಹಾರ, ಎಂಬತ್ತಕ್ಕೂ ಹೆಚ್ಚು ದಿನಗಳ ಪ್ರಯಾಣ. ಕ್ರಿ.ಶ. 412ರಲ್ಲಿ ಯಾವುದೋ ತೀರಕ್ಕೆ ಹಡಗು ತಾಗಿದಾಗ ಎಲ್ಲಿದ್ದೇವೆಂದು ಯಾರಿಗೂ ತಿಳಿಯಲಿಲ್ಲ. ದಡದಲ್ಲಿ ಬೆಳೆದಿದ್ದ ಪರಿಚಿತ ಸೊಪ್ಪನ್ನು ಕಂಡು ಇದು ನಮ್ಮ ನಾಡೆಂದು ಆತನು ಗುರುತಿಸಿದನು. ಅದು ಶಾನ್‌ಡೊಂಗ್ ತೀರ. ಹೊರಟು ಹದಿಮೂರು ವರ್ಷಗಳಾಗಿದ್ದವು.

ಆಮೇಲೂ ಆತನು ವಿಶ್ರಮಿಸಲಿಲ್ಲ. ಇಂದಿನ ನಾನ್‌ಜಿಂಗ್‌ನಲ್ಲಿ, ಭಾರತದಿಂದ ಅಲ್ಲಿಗೆ ಹೋಗಿದ್ದ ಬುದ್ಧಭದ್ರನೆಂಬ ಭಿಕ್ಷುವಿನೊಡನೆ ಕುಳಿತು, ಪಾಟಲೀಪುತ್ರದಲ್ಲಿ ನಕಲು ಮಾಡಿಕೊಂಡಿದ್ದ ಮಹಾಸಾಂಘಿಕ ವಿನಯವನ್ನು 416ರಿಂದ 418ರವರೆಗೆ ಚೀನೀ ಭಾಷೆಗೆ ಅನುವಾದಿಸಿದನು. ನಲವತ್ತು ಸುರುಳಿಗಳಾದವು. ಸಿಂಹಳದಿಂದ ತಂದ ಮಹೀಶಾಸಕ ವಿನಯಕ್ಕೆ ಆತನ ಆಯುಷ್ಯ ಸಾಲಲಿಲ್ಲ. ಬುದ್ಧಜೀವನೆಂಬ ಇನ್ನೊಬ್ಬ ಭಿಕ್ಷುವು ಅದನ್ನು ಅನುವಾದಿಸಿದನು. ಎಂಬತ್ತು ದಾಟಿ ಬದುಕಿದ್ದ ಫಾಹಿಯಾನನು ಜಿಂಗ್‌ಚೌ ಎಂಬ ಊರಿನ ವಿಹಾರದಲ್ಲಿ ತೀರಿಕೊಂಡನು. ದಾವೋಚೆಂಗನು ಪಾಟಲೀಪುತ್ರದಲ್ಲಿ ಉಳಿದನೆಂಬುದರ ಮುಂದೆ ಅವನ ಹೆಸರು ಆ ಕಥನದಲ್ಲಿ ಮತ್ತೆ ಬರುವುದಿಲ್ಲ.

ಏಳನೆಯ ಶತಮಾನದಲ್ಲಿ ಹ್ಯೂಯೆನ್‌ತ್ಸಾಂಗನು ಬರುವ ಹೊತ್ತಿಗೆ ಪಾಟಲೀಪುತ್ರವು ಬಹುಪಾಲು ಪಾಳುಬಿದ್ದಿತ್ತು. ಫಾಹಿಯಾನನು ಮೂರು ವರ್ಷ ಓದಿದ ವಿಹಾರ ಇಂದಿಲ್ಲ, ಇಪ್ಪತ್ತು ರಥಗಳ ಉತ್ಸವವೂ ಇಲ್ಲ. ಮಹಾಸಾಂಘಿಕರ ವಿನಯದ ಭಾರತೀಯ ಮೂಲವು ಇಡಿಯಾಗಿ ನಮಗೆ ಉಳಿದುಬಂದಿಲ್ಲ. ಕೆಲವು ಭಾಗಗಳು ಮಾತ್ರ ಸಿಕ್ಕಿವೆ. ಅದು ಪೂರ್ತಿಯಾಗಿ ಉಳಿದಿರುವುದು ಆತನ ಪ್ರತಿಯಿಂದಾದ ಚೀನೀ ಅನುವಾದದಲ್ಲಿ.

1988ರ ಎಂಟನೆಯ ‘ಬಿ’ ವಿಭಾಗದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಿ. ಹಿಂದಿನ ಬೆಂಚಿನಲ್ಲಿ ಕಿಟಕಿಯ ಪಕ್ಕ ಕುಳಿತಿರುತ್ತಿದ್ದ ಆ ಹುಡುಗನ ನೆನಪು ನಿಮಗಿರಬಹುದು. ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಈಗ ಅವನಿಗೂ ಐವತ್ತು ಸಮೀಪಿಸಿರಬೇಕು. ಎಲ್ಲಿದ್ದಾನೆಂದು ಗೊತ್ತಿದ್ದರೆ ಇದನ್ನು ಅವನಿಗೆ ಓದಿ ಹೇಳಿ, ಮೇಷ್ಟ್ರು ಉತ್ತರ ಕಳಿಸಿದ್ದಾರೆ ಎಂದು ತಿಳಿಸಿ.